ಬಡ್ಡಿ ದರ ಏರುವ ಕಾಲಕ್ಕೆ ಲಾಭಾಂಶದ ಷೇರು: ವಿದ್ಯುತ್ ಕಂಪನಿಗಳ ಆಯ್ಕೆಯಲ್ಲಿ ನೋಡಬೇಕಾದುದೇನು?

ಅಂಗಡಿಯ ಅಥವಾ ಕಾರ್ಖಾನೆಯ ಹೊಣೆಯನ್ನು ಮಕ್ಕಳಿಗೆ ವಹಿಸಿ, ಕೂಡಿಟ್ಟ ಹಣದಿಂದ ಬರುವ ಆದಾಯದಲ್ಲಿ ನೆಮ್ಮದಿಯಾಗಿ ಬದುಕಬೇಕೆಂದು ಬಯಸುವ ವರ್ತಕ ಬಾಂಧವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಇವರಲ್ಲಿ ಅನೇಕರು ಬ್ಯಾಂಕ್ ಠೇವಣಿಯ ಜೊತೆಗೆ, ವರ್ಷವರ್ಷವೂ ಲಾಭಾಂಶ ಕೊಡುವ ವಿದ್ಯುತ್, ಅನಿಲ, ಕಲ್ಲಿದ್ದಲು ಮುಂತಾದ ಕ್ಷೇತ್ರಗಳ ಕಂಪನಿಗಳ ಷೇರುಗಳನ್ನೂ ಇಟ್ಟುಕೊಂಡಿರುತ್ತಾರೆ. ವಿದ್ಯುತ್ತಿಲ್ಲದೆ ಯಾರ ಮನೆಯೂ, ಯಾರ ಯಂತ್ರವೂ ನಡೆಯದು. ಆದ್ದರಿಂದ ಇಂತಹ ಕಂಪನಿಗಳಿಗೆ ನಷ್ಟವೆಂಬುದಿಲ್ಲ ಎಂಬುದು ಇವರ ತರ್ಕ. ಈ ತರ್ಕದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಏನೆಂಬುದು ಬಡ್ಡಿ ದರ ಏರತೊಡಗಿದಾಗ ಹೊರಬೀಳುತ್ತದೆ.

2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಆರು ಬಾರಿ ಏರಿಸಿ ಶೇ. 4ರಿಂದ ಶೇ. 6.50ಕ್ಕೆ ತಂದು ನಿಲ್ಲಿಸಿದ್ದನ್ನು ವಾಚಕರು ಮರೆತಿರಲಾರರು. ಮರೆಯಲು ಕಾರಣವೂ ಇಲ್ಲ. 2019ರ ಅಕ್ಟೋಬರ್ 1ರಿಂದ ಕಿರು ಮತ್ತು ಸಣ್ಣ ಉದ್ಯಮಗಳ ಹೊಸ ಚಲಬಡ್ಡಿ ಸಾಲಗಳು ರೆಪೊದಂತಹ ಬಾಹ್ಯ ಮಾನದಂಡಕ್ಕೆ ಜೋಡಣೆಯಾಗಿರುವುದರಿಂದ, ಮುಂಬಯಿಯಲ್ಲಿ ದರ ಏರಿದ ಮೂರು ತಿಂಗಳೊಳಗೆ ನಮ್ಮ ಓ.ಡಿ. ಖಾತೆಯ ಬಡ್ಡಿಯೂ ಏರಿತು. ಅದೇ ಅವಧಿಯಲ್ಲಿ ಸ್ಟೇಟ್ ಬ್ಯಾಂಕಿನ ಒಂದು ವರ್ಷದ ಠೇವಣಿಯ ಬಡ್ಡಿ ಶೇ. 5.10ರಿಂದ ಶೇ. 6.80ಕ್ಕೂ, ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ ಶೇ. 7.4ರಿಂದ 2023ರ ಏಪ್ರಿಲ್ ವೇಳೆಗೆ ಶೇ. 8.2ಕ್ಕೂ ಏರಿದವು. ಆ ಬಳಿಕ 2025ರಲ್ಲಿ ದರಗಳು ಇಳಿಮುಖವಾಗಿ, ಜೂನ್ ವೇಳೆಗೆ ರೆಪೊ ಶೇ. 5.50ಕ್ಕೆ ಬಂದಿತು. ದರ ಇಳಿದ ಮೇಲೆ ಈ ಚರ್ಚೆಯೇಕೆ ಎಂದು ಕೆಲವರು ಕೇಳಬಹುದು. ಠೇವಣಿಯ ಬಡ್ಡಿ ಸಾಲದೆಂದು ಜನ ಲಾಭಾಂಶದ ಷೇರುಗಳತ್ತ ಮುಖ ಮಾಡುವುದು ದರ ಇಳಿದಾಗಲೇ. ಹೀಗೆ ಕೊಂಡ ಷೇರು ಪರೀಕ್ಷೆಗೊಳಗಾಗುವುದು ಮುಂದಿನ ಏರಿಕೆಯಲ್ಲಿ. ಆದ್ದರಿಂದ ಆಯ್ಕೆಯ ವಿಚಾರವನ್ನು ಏರಿಕೆ ಬರುವ ಮುನ್ನವೇ ಮಾಡಿಕೊಳ್ಳುವುದು ಲೇಸು.

ಮೊದಲಿಗೆ ಸರಳ ಲೆಕ್ಕ. 100 ರೂಪಾಯಿಯ ಷೇರೊಂದು ವರ್ಷಕ್ಕೆ 5 ರೂಪಾಯಿ ಲಾಭಾಂಶ ಕೊಡುತ್ತಿದೆ, ಬ್ಯಾಂಕ್ ಠೇವಣಿಯೂ ಶೇ. 5 ಕೊಡುತ್ತಿದೆ ಎಂದಿಟ್ಟುಕೊಳ್ಳೋಣ. ಠೇವಣಿಯ ಬಡ್ಡಿ ಶೇ. 7ಕ್ಕೆ ಏರಿದರೆ, ಅದೇ 5 ರೂಪಾಯಿಗೆ ಹೊಸ ಹೂಡಿಕೆದಾರನು 71 ರೂಪಾಯಿಗಿಂತ ಹೆಚ್ಚು ಕೊಡಲು ಒಪ್ಪುವುದಿಲ್ಲ. ಲಾಭಾಂಶ ಒಂದು ಪೈಸೆಯೂ ಕಡಿಮೆಯಾಗದೆ ಅಸಲಿನಲ್ಲಿ 29 ರೂಪಾಯಿ ಕರಗಿತು. ಇನ್ನು ಆ ಲಾಭಾಂಶ ವರ್ಷಕ್ಕೆ ಶೇ. 8ರಂತೆ ಬೆಳೆಯುವುದಾದರೆ, ಐದು ವರ್ಷಗಳಲ್ಲಿ ಅದು 7 ರೂಪಾಯಿ 35 ಪೈಸೆಯಾಗಿ ಏರಿದ ಬಡ್ಡಿಯನ್ನೂ ದಾಟುತ್ತದೆ. ಇಂದು ಎಷ್ಟು ಕೊಡುತ್ತಾರೆ ಎಂಬುದಕ್ಕಿಂತ ಮುಂದೆ ಎಷ್ಟು ಕೊಡಬಲ್ಲರು ಎಂಬುದೇ ಮುಖ್ಯವಾಗುವುದು ಈ ಕಾರಣದಿಂದ. ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಲಾಭಾಂಶದ ಶೇಕಡಾವಾರು ಪಟ್ಟಿ ನೋಡಿ ಮೇಲಿನಿಂದ ಐದು ಹೆಸರುಗಳನ್ನು ಗುರುತು ಹಾಕಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು ಪದ್ಧತಿ ಎಂದೇ ನನ್ನ ಅಭಿಪ್ರಾಯ.

ಪುಸ್ತಕದ ಲೆಕ್ಕ, ನಮ್ಮ ಪೇಟೆಯ ಲೆಕ್ಕ

ಮೇಲಿನ ಲೆಕ್ಕದ ಪ್ರಕಾರ 2022-23ರಲ್ಲಿ ನಮ್ಮ ವಿದ್ಯುತ್ ಕಂಪನಿಗಳ ಷೇರುಗಳೆಲ್ಲ ಕುಸಿಯಬೇಕಿತ್ತು. ನಡೆದದ್ದು ಬೇರೆ. 2021ರ ಕೊನೆಯಲ್ಲಿ 125 ರೂಪಾಯಿಯ ಆಸುಪಾಸಿನಲ್ಲಿದ್ದ ಎನ್‌ಟಿಪಿಸಿ ಷೇರು 2023ರ ಕೊನೆಗೆ 310 ರೂಪಾಯಿ ಮುಟ್ಟಿತು. ಬಡ್ಡಿ ಏರುತ್ತಿದ್ದ ಕಾಲದಲ್ಲೇ ಬೆಲೆ ಎರಡೂವರೆ ಪಟ್ಟಾಯಿತು. ಇದಕ್ಕೆ ಕಾರಣಗಳಿವೆ. ಮೊದಲನೆಯದಾಗಿ, ಆ ಷೇರು ಅದಕ್ಕೂ ಮೊದಲು ಹಲವು ವರ್ಷ ನಿರ್ಲಕ್ಷಿತವಾಗಿ ಅಗ್ಗವಾಗಿತ್ತು. ಎರಡನೆಯದಾಗಿ, ದೇಶದ ವಿದ್ಯುತ್ ಬೇಡಿಕೆ ದಾಖಲೆಯ ಮೇಲೆ ದಾಖಲೆ ಬರೆಯಿತು; 2023ರ ಸೆಪ್ಟೆಂಬರಿನಲ್ಲಿ ಗರಿಷ್ಠ ಬೇಡಿಕೆ 243 ಗಿಗಾವಾಟ್, 2024ರ ಮೇ ಕೊನೆಯಲ್ಲಿ 250 ಗಿಗಾವಾಟ್. ಮೂರನೆಯ ಕಾರಣವೇ ನಮಗೆ ಇಲ್ಲಿ ಮುಖ್ಯವಾದುದು: ಬಡ್ಡಿಯ ಏರಿಕೆಯನ್ನು ಈ ಕಂಪನಿ ತನ್ನ ಗಿರಾಕಿಗೆ ದಾಟಿಸಬಲ್ಲದು.

ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರ ನಿಗದಿ ಕ್ರಮವನ್ನು ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ಅಸೂಯೆಯಿಂದಲೇ ನೋಡಬೇಕು. ಸ್ಥಾವರ ಕಟ್ಟಿದ ವೆಚ್ಚದಲ್ಲಿ ಸಾಮಾನ್ಯವಾಗಿ 70 ಭಾಗ ಸಾಲ, 30 ಭಾಗ ಸ್ವಂತ ಬಂಡವಾಳ ಎಂದು ಎಣಿಸಿ, ಸಾಲದ ಮೇಲೆ ಕಂಪನಿ ಕೊಡುವ ಸರಾಸರಿ ಬಡ್ಡಿಯನ್ನು ದರಕ್ಕೆ ಸೇರಿಸಲಾಗುತ್ತದೆ. ಸ್ವಂತ ಬಂಡವಾಳದ ಮೇಲೆ ನಿಗದಿತ ಪ್ರತಿಫಲವನ್ನೂ ಸೇರಿಸಲಾಗುತ್ತದೆ. 2024-29ರ ಅವಧಿಗೆ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಇದು ಶೇ. 15.5, ಹೊಸ ಪ್ರಸರಣ ಯೋಜನೆಗಳಿಗೆ ಶೇ. 15. ಸ್ಥಾವರವು ನಿಗದಿತ ಪ್ರಮಾಣದಲ್ಲಿ ಉತ್ಪಾದನೆಗೆ ಸಿದ್ಧವಾಗಿದ್ದರೆ ಸಾಕು, ವಿದ್ಯುತ್ ಕೊಳ್ಳಲಿ ಬಿಡಲಿ, ಸ್ಥಿರ ವೆಚ್ಚ ಸಂದಾಯವಾಗುತ್ತದೆ. ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ ಎನ್‌ಟಿಪಿಸಿಯ 2400 ಮೆಗಾವಾಟ್ ಸ್ಥಾವರವೂ ಇದೇ ಕ್ರಮಕ್ಕೆ ಒಳಪಟ್ಟದ್ದು. ಬ್ಯಾಂಕು ಬಡ್ಡಿ ಏರಿಸಿದೊಡನೆ ತನ್ನ ಸರಕಿನ ಬೆಲೆಯನ್ನು ಅಷ್ಟೇ ಏರಿಸಿ, ಮೇಲೆ ಶೇ. 15ರಷ್ಟು ಪ್ರತಿಫಲ ಪಡೆಯುವ ಭಾಗ್ಯ ಪೀಣ್ಯದ ಯಾವ ಘಟಕಕ್ಕಿದೆ?

ಆದರೆ ಇದೇ ವಿದ್ಯುತ್ ಕ್ಷೇತ್ರದಲ್ಲಿ ಇನ್ನೊಂದು ಬಗೆಯ ಒಪ್ಪಂದವಿದೆ. ಅದು ಹರಾಜಿನದು. ಸೌರ ವಿದ್ಯುತ್ ಯೋಜನೆಗಳಲ್ಲಿ ಕಡಿಮೆ ದರ ಕೂಗಿದವನಿಗೆ 25 ವರ್ಷಗಳ ಒಪ್ಪಂದ ದೊರೆಯುತ್ತದೆ. ದರ ಮಾತ್ರ ಸಾಮಾನ್ಯವಾಗಿ ಕೂಗಿದಲ್ಲಿಗೇ ಸ್ಥಿರ. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ಯೂನಿಟ್ಟಿಗೆ 1 ರೂಪಾಯಿ 99 ಪೈಸೆಯ ದರ ಬಂದದ್ದು ಆಗ ದೊಡ್ಡ ಸುದ್ದಿಯಾಗಿತ್ತು. ರೆಪೊ ಶೇ. 4 ಇದ್ದ ಕಾಲದಲ್ಲಿ ಹಾಕಿದ ಲೆಕ್ಕವದು. ಅಂತಹ ದರಕ್ಕೆ ಒಪ್ಪಿದವನು ಶೇ. 2.5ರಷ್ಟು ಏರಿದ ಬಡ್ಡಿಯನ್ನು ಯಾರ ಮೇಲೆ ಹಾಕಬೇಕು? ಯಾರ ಮೇಲೂ ಹಾಕುವಂತಿಲ್ಲ. ಅದು ಷೇರುದಾರನ ಪಾಲಿನಿಂದಲೇ ಹೋಗುತ್ತದೆ. ಪ್ರಸರಣ ಮಾರ್ಗಗಳಲ್ಲಿಯೂ 2011ರಿಂದೀಚೆಗೆ ಹರಾಜಿನ ಪದ್ಧತಿಯೇ ಹೆಚ್ಚಾಗಿ ಬಳಕೆಯಲ್ಲಿದೆ. ಆದ್ದರಿಂದ ವಿದ್ಯುತ್ ಕಂಪನಿ ಎಂಬ ಹೆಸರೊಂದೇ ಸಾಲದು. ಅದರ ಆದಾಯದಲ್ಲಿ ಎಷ್ಟು ಭಾಗ ಆಯೋಗ ನಿಗದಿಪಡಿಸುವ ದರದಿಂದ ಬರುತ್ತದೆ, ಎಷ್ಟು ಭಾಗ ಹರಾಜಿನ ಸ್ಥಿರ ದರದಿಂದ ಬರುತ್ತದೆ ಎಂಬುದನ್ನು ವಾರ್ಷಿಕ ವರದಿಯಲ್ಲಿ ಹುಡುಕಬೇಕು. ಬಡ್ಡಿ ಏರುವ ಕಾಲಕ್ಕೆ ಆದಾಯ ಬಯಸುವವರು ಮೊದಲನೆಯ ಭಾಗ ಹೆಚ್ಚಿರುವ ಕಂಪನಿಯನ್ನು ಆರಿಸಿಕೊಳ್ಳಬೇಕೆಂಬುದೇ ಈ ಲೇಖನದ ಮುಖ್ಯ ಮಾತು.

ಇನ್ನೊಂದು ಸೂಕ್ಷ್ಮವಿದೆ. ಆಯೋಗದ ಪ್ರತಿಫಲ ಆರಂಭವಾಗುವುದು ಸ್ಥಾವರ ಕಾರ್ಯಾರಂಭ ಮಾಡಿದ ದಿನದಿಂದ. ಕಟ್ಟುತ್ತಿರುವ ಕಾಲದಲ್ಲಿ ಸಾಲದ ಬಡ್ಡಿ ಏರುತ್ತಲೇ ಇರುತ್ತದೆ, ಪ್ರತಿಫಲ ಶೂನ್ಯ. ಎನ್‌ಎಚ್‌ಪಿಸಿ ಕಂಪನಿಯ ಸುಬನ್‌ಸಿರಿ ಕೆಳದಂಡೆ ಜಲವಿದ್ಯುತ್ ಯೋಜನೆಯ ಕಾಮಗಾರಿ ಪ್ರತಿಭಟನೆಗಳಿಂದಾಗಿ 2011ರ ಕೊನೆಯಲ್ಲಿ ನಿಂತು, 2019ರಲ್ಲಷ್ಟೇ ಮತ್ತೆ ಆರಂಭವಾಯಿತು. 2009ರಲ್ಲಿ 36 ರೂಪಾಯಿಗೆ ಸಾರ್ವಜನಿಕರಿಗೆ ವಿತರಿಸಲಾದ ಈ ಕಂಪನಿಯ ಷೇರು ಮುಂದಿನ ಹತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಬಹುತೇಕ ಕಾಲ ಆ ಬೆಲೆಗಿಂತ ಕೆಳಗೇ ಇದ್ದುದಕ್ಕೆ ಇಂತಹ ವಿಳಂಬಗಳೂ ಒಂದು ಕಾರಣ. ಯಂತ್ರ ತಂದು ಶೆಡ್ಡಿನಲ್ಲಿಳಿಸಿ, ವಿದ್ಯುತ್ ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಿರಾಕಿ ಹಣ ಕೊಡುತ್ತಾನೆಯೇ?

ವರ್ತಕರಾದ ನಾವು ಕೇಳಬೇಕಾದ ಮೊದಲ ಪ್ರಶ್ನೆಯನ್ನು ಷೇರು ಕೊಳ್ಳುವಾಗ ಏಕೋ ಮರೆತುಬಿಡುತ್ತೇವೆ. ಉದ್ರಿ ಕೊಡುವ ಮುನ್ನ ಹತ್ತು ಕಡೆ ವಿಚಾರಿಸುವವರು, ವಿದ್ಯುತ್ ಕಂಪನಿಯ ಗಿರಾಕಿ ಯಾರೆಂದು ವಿಚಾರಿಸುವುದಿಲ್ಲ. ಈ ಕಂಪನಿಗಳ ಗಿರಾಕಿಗಳು ಬಹುಪಾಲು ರಾಜ್ಯಗಳ ವಿದ್ಯುತ್ ಸರಬರಾಜು ಕಂಪನಿಗಳು. ಅವು ಷೇರು ಪೇಟೆಯಲ್ಲಿಲ್ಲ. ನಮ್ಮ ಬೆಸ್ಕಾಂ, ಹೆಸ್ಕಾಂಗಳ ಷೇರು ಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಆದರೆ ಎನ್‌ಟಿಪಿಸಿಯ ಅಥವಾ ಪವರ್ ಗ್ರಿಡ್‌ನ ಷೇರು ಕೊಂಡವನು ಪರೋಕ್ಷವಾಗಿ ಇಂತಹ ಕಂಪನಿಗಳಿಗೇ ಉದ್ರಿ ಕೊಟ್ಟವನಾಗುತ್ತಾನೆ.

ಆ ಉದ್ರಿಯ ಗಾತ್ರ ಸಾಮಾನ್ಯದ್ದಲ್ಲ. 2022ರ ಜೂನ್ 3ರಂದು ದೇಶದ ಸರಬರಾಜು ಕಂಪನಿಗಳು ಉತ್ಪಾದಕರಿಗೆ ಹಾಗೂ ಪ್ರಸರಣ ಕಂಪನಿಗಳಿಗೆ ಕೊಡಬೇಕಿದ್ದ ಹಳೆಯ ಬಾಕಿ ಸುಮಾರು 1 ಲಕ್ಷ 38 ಸಾವಿರ ಕೋಟಿ ರೂಪಾಯಿ. ಅಂದೇ ಕೇಂದ್ರ ಸರ್ಕಾರ ವಿಳಂಬ ಪಾವತಿ ಸರ್‌ಚಾರ್ಜ್ ನಿಯಮಗಳನ್ನು ಹೊರಡಿಸಿ, ಹಳೆಯ ಬಾಕಿಯನ್ನು ಗರಿಷ್ಠ 48 ಮಾಸಿಕ ಕಂತುಗಳಲ್ಲಿ ತೀರಿಸಲು ಅವಕಾಶ ಕೊಟ್ಟಿತು. ಕಂತು ತಪ್ಪಿದವರಿಗೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಖರೀದಿಯ ಬಾಗಿಲು ಮುಚ್ಚುವ ವ್ಯವಸ್ಥೆಯೂ ಆಯಿತು. ಬೇಸಿಗೆಯಲ್ಲಿ ವಿದ್ಯುತ್ ಸಿಗದಿದ್ದರೆ ಸರ್ಕಾರಗಳೇ ಅಲುಗಾಡುತ್ತವೆ. ಆದ್ದರಿಂದ ಹಣ ಹೊರಬಂದಿತು. 2022ರ ಬಳಿಕ ಈ ಷೇರುಗಳ ಬೆಲೆ ಏರಿದ್ದಕ್ಕೆ ಬಡ್ಡಿ ದರಕ್ಕಿಂತ ಈ ನಿಯಮವೇ ದೊಡ್ಡ ಕಾರಣವೆಂದು ನಾನು ಭಾವಿಸುತ್ತೇನೆ. ಬಾಕಿ ವಸೂಲಿಗೆ ಇಷ್ಟು ಬಿಗಿಯಾದ ಕಾನೂನು ಸಣ್ಣ ಕೈಗಾರಿಕೆಗಳ ಪಾಲಿಗೂ ಬಂದಿದ್ದರೆ ಎಂಬ ಆಸೆ ಇಲ್ಲಿ ಸಹಜವಾಗಿ ಮೂಡುತ್ತದೆ. ಆ ವಿಷಯ ಪ್ರತ್ಯೇಕ ಲೇಖನಕ್ಕೆ ಅರ್ಹವಾದುದು.

ಹೀಗಿದ್ದರೂ ಗಿರಾಕಿಯ ಆರೋಗ್ಯದ ಮೇಲೆ ಕಣ್ಣಿಟ್ಟಿರಬೇಕು. ರಾಜ್ಯಗಳು ಉಚಿತ ವಿದ್ಯುತ್ತಿನ ಭಾರವನ್ನು ಹೊತ್ತಿವೆ. ನಮ್ಮಲ್ಲಿ ಪಂಪ್‌ಸೆಟ್ಟುಗಳ ಜೊತೆಗೆ 2023ರ ಆಗಸ್ಟಿನಿಂದ ಗೃಹಜ್ಯೋತಿಯೂ ಸೇರಿದೆ. ಸಹಾಯಧನ ಸಕಾಲದಲ್ಲಿ ಸರಬರಾಜು ಕಂಪನಿಯ ಖಾತೆಗೆ ಬರುವವರೆಗೆ ತೊಂದರೆಯಿಲ್ಲ. ಬಾಕಿ ಬೆಳೆಯತೊಡಗಿದರೆ ಅದು ಉತ್ಪಾದನಾ ಕಂಪನಿಯ ಲೆಕ್ಕಪತ್ರದಲ್ಲಿ ವಸೂಲಾಗಬೇಕಾದ ಮೊತ್ತದ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಎಷ್ಟು ದಿನಗಳ ಮಾರಾಟದಷ್ಟು ಹಣ ಹೊರಗಿದೆ ಎಂದು ಲೆಕ್ಕ ಹಾಕುವುದನ್ನು ವರ್ತಕರಿಗೆ ಯಾರೂ ಕಲಿಸಬೇಕಾಗಿಲ್ಲ.

ಲಾಭಾಂಶ ಎಲ್ಲಿಂದ ಬರುತ್ತಿದೆ?

ಲಾಭಾಂಶವನ್ನು ಲಾಭದಿಂದ ಕೊಡಬಹುದು, ಸಾಲ ತಂದೂ ಕೊಡಬಹುದು. ಬಡ್ಡಿ ಅಗ್ಗವಾಗಿರುವಾಗ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಇದಕ್ಕೆ ಅಮೆರಿಕದ ಒಂದು ಉದಾಹರಣೆ ಬೋಧಪ್ರದವಾಗಿದೆ. ಅಲ್ಲಿನ ಫೆಡರಲ್ ರಿಸರ್ವ್ 2022ರ ಮಾರ್ಚಿನಲ್ಲಿ ಬಹುತೇಕ ಶೂನ್ಯದಲ್ಲಿದ್ದ ದರವನ್ನು 2023ರ ಜುಲೈ ವೇಳೆಗೆ ಶೇ. 5.25ರಿಂದ 5.50ರ ಮಟ್ಟಕ್ಕೆ ಒಯ್ದಿತು. ನೆಕ್ಸ್ಟ್‌ಎರಾ ಎನರ್ಜಿ ಪಾರ್ಟ್‌ನರ್ಸ್ ಎಂಬ ಸಂಸ್ಥೆ ಪವನ ಮತ್ತು ಸೌರ ಸ್ಥಾವರಗಳನ್ನು ಹೊರಗಿನ ಬಂಡವಾಳದಿಂದ ಕೊಂಡುಕೊಂಡು, ಹೂಡಿಕೆದಾರರಿಗೆ ಹಂಚುವ ಮೊತ್ತವನ್ನು ವರ್ಷಕ್ಕೆ ಶೇ. 12ರಿಂದ 15ರಷ್ಟು ಹೆಚ್ಚಿಸುವುದಾಗಿ ಹೇಳುತ್ತಿತ್ತು. ಆ ಬಂಡವಾಳ ದುಬಾರಿಯಾದಾಗ, 2023ರ ಸೆಪ್ಟೆಂಬರಿನಲ್ಲಿ ಈ ಗುರಿಯನ್ನು ಶೇ. 5ರಿಂದ 8ಕ್ಕೆ ಇಳಿಸಿತು. ಕೆಲವೇ ವಾರಗಳಲ್ಲಿ ಬೆಲೆ ಸುಮಾರು ಅರ್ಧಕ್ಕಿಳಿಯಿತು. 2025ರ ಜನವರಿಯಲ್ಲಿ ಹಂಚಿಕೆಯನ್ನೇ ನಿಲ್ಲಿಸಿ, ಹೆಸರನ್ನೂ ಬದಲಿಸಿಕೊಂಡಿತು. ಅದರ ಗಾಳಿಯಂತ್ರಗಳು ಈ ಅವಧಿಯಲ್ಲಿ ತಿರುಗುತ್ತಲೇ ಇದ್ದವು ಎಂಬುದನ್ನು ಗಮನಿಸಬೇಕು. ಕೆಟ್ಟದ್ದು ಯಂತ್ರವಲ್ಲ, ಹಣಕಾಸಿನ ಏರ್ಪಾಡು.

ನಮ್ಮಲ್ಲಿ ಇದಕ್ಕೆ ಸಮೀಪದ ರೂಪ ಇನ್ವಿಟ್ ಎಂಬ ಮೂಲಸೌಕರ್ಯ ಹೂಡಿಕೆ ಟ್ರಸ್ಟುಗಳದು. ಇವು ಹಂಚಬಹುದಾದ ನಗದಿನಲ್ಲಿ ಕನಿಷ್ಠ ಶೇ. 90ನ್ನು ಹಂಚಲೇಬೇಕು. ಪವರ್ ಗ್ರಿಡ್ ಪ್ರಾಯೋಜಿತ ಇನ್ವಿಟ್‌ನ ಯೂನಿಟ್ಟುಗಳು 2021ರ ಮೇ ತಿಂಗಳಲ್ಲಿ 100 ರೂಪಾಯಿಯ ಬೆಲೆಗೆ ಪೇಟೆಗೆ ಬಂದವು. ಮುಂದೆ ವರ್ಷಕ್ಕೆ 12 ರೂಪಾಯಿಯಂತೆ ಹಂಚಿಕೆ ನಡೆಯಿತು. ಶೇ. 12 ಎಂದು ಜನ ಮುಗಿಬಿದ್ದು 2022ರಲ್ಲಿ ಬೆಲೆ 130 ದಾಟಿತು; 2024ರಲ್ಲಿ ಅದು 100ಕ್ಕಿಂತ ಕೆಳಗಿಳಿಯಿತು. ಹಂಚಿಕೆ 12 ರೂಪಾಯಿಯಲ್ಲಿಯೇ ನಿಂತಿತ್ತು, ಬೆಳೆಯಲಿಲ್ಲ. 130ಕ್ಕೆ ಕೊಂಡವನು ಎರಡೂವರೆ ವರ್ಷಗಳ ಹಂಚಿಕೆಯಷ್ಟನ್ನು ಅಸಲಿನಲ್ಲಿ ಕಳೆದುಕೊಂಡ. ಇನ್ವಿಟ್‌ನ ಹಂಚಿಕೆಯಲ್ಲಿ ಬಡ್ಡಿ, ಲಾಭಾಂಶಗಳ ಜೊತೆಗೆ ಅಸಲಿನ ಮರುಪಾವತಿಯೂ ಸೇರಿರಬಹುದು. ಪ್ರತಿ ಹಂಚಿಕೆಯೊಂದಿಗೆ ಬರುವ ಚೀಟಿಯಲ್ಲಿ ಈ ವಿಂಗಡಣೆ ಇರುತ್ತದೆ; ಅದನ್ನು ಓದದೆ ಕಪಾಟಿಗೆ ಸೇರಿಸುವವರೇ ಹೆಚ್ಚು. ನಮ್ಮದೇ ಹಣ ನಮಗೆ ಮರಳಿ ಬಂದುದನ್ನು ಆದಾಯವೆಂದು ಖರ್ಚು ಮಾಡಬಾರದು.

ಅತಿ ಹೆಚ್ಚಿನ ಶೇಕಡಾವಾರು ಯಾವಾಗಲೂ ಸಂಶಯಾಸ್ಪದವೇ ಎಂದೂ ಹೇಳಲಾಗದು. 2010ರಲ್ಲಿ 245 ರೂಪಾಯಿಗೆ ವಿತರಿಸಿದ ಕೋಲ್ ಇಂಡಿಯಾ ಷೇರು 2020ರ ಅಕ್ಟೋಬರಿನಲ್ಲಿ 120ಕ್ಕಿಂತ ಕೆಳಗಿತ್ತು. ಹಿಂದಿನ ಆರ್ಥಿಕ ವರ್ಷದ ಲಾಭಾಂಶ 12 ರೂಪಾಯಿ, ಅಂದರೆ ಶೇ. 10ಕ್ಕೂ ಹೆಚ್ಚು. ಹತ್ತು ವರ್ಷ ಇಟ್ಟುಕೊಂಡವನಿಗೆ ಇದು ಅಸಲು ಅರ್ಧವಾದ ದುಃಖ. ಅಂದು ಧೈರ್ಯ ಮಾಡಿ ಕೊಂಡವನಿಗೆ, 2024ರ ಆಗಸ್ಟಿನಲ್ಲಿ ಬೆಲೆ 500 ದಾಟಿದಾಗ, ಸಂತೋಷ. ಷೇರು ಒಂದೇ, ಕೊಂಡ ಬೆಲೆ ಬೇರೆ. ಎನ್‌ಟಿಪಿಸಿಯಲ್ಲೂ ಹಾಗೆಯೇ: 2021-22ರ ಲಾಭಾಂಶ 7 ರೂಪಾಯಿ, 125ರ ಬೆಲೆಯ ಮೇಲೆ ಶೇ. 5.6, 2023-24ರ ಲಾಭಾಂಶ 7 ರೂಪಾಯಿ 75 ಪೈಸೆ, 310ರ ಬೆಲೆಯ ಮೇಲೆ ಕೇವಲ ಶೇ. 2.5. ಷೇರು ಒಳ್ಳೆಯದೆಂದು ಎಲ್ಲರ ಬಾಯಲ್ಲೂ ಬಂದ ಮೇಲೆ ಕೊಂಡವನಿಗೆ ಆದಾಯವಾಗಿ ಉಳಿಯುವುದು ಇಷ್ಟೇ. ಇಲ್ಲಿ ಹೆಸರಿಸಿದ ಕಂಪನಿಗಳೆಲ್ಲ ಉದಾಹರಣೆಗಾಗಿ ಮಾತ್ರ, ಕೊಳ್ಳಲಿ ಎಂದಲ್ಲ.

ಸರ್ಕಾರಿ ಸ್ವಾಮ್ಯದ ಕಂಪನಿಗಳ ಬಗ್ಗೆ ಒಂದು ಮಾತು. ಇವು ತೆರಿಗೆಯ ನಂತರದ ಲಾಭದ ಶೇ. 30 ಅಥವಾ ನಿವ್ವಳ ಮೌಲ್ಯದ ಶೇ. 4, ಇವೆರಡರಲ್ಲಿ ಹೆಚ್ಚಿನದನ್ನು ಕನಿಷ್ಠ ಲಾಭಾಂಶವಾಗಿ ಕೊಡಬೇಕೆಂದು 2024ರ ನವೆಂಬರಿನ ಮಾರ್ಗಸೂಚಿ ಹೇಳುತ್ತದೆ. ಖಜಾನೆಗೆ ಹಣ ಬೇಕಾದಾಗ ಇನ್ನೂ ಹೆಚ್ಚು ಬರುತ್ತದೆ. 2014ರ ಜನವರಿಯಲ್ಲಿ ಕೋಲ್ ಇಂಡಿಯಾ ಷೇರಿಗೆ 29 ರೂಪಾಯಿ ಘೋಷಿಸಿದ್ದು ಹಾಗೆಯೇ. ಅದನ್ನು ಮಾಮೂಲಿ ಆದಾಯವೆಂದು ಎಣಿಸಬಾರದು. ಅದೇ ಸರ್ಕಾರದ ಒಂದು ಆದೇಶ ಬೆಲೆಯನ್ನು ಕೆಡವಲೂಬಲ್ಲದು: 2024ರ ಅಕ್ಟೋಬರ್, ನವೆಂಬರುಗಳಲ್ಲಿ ನಗರ ಅನಿಲ ಕಂಪನಿಗಳಿಗೆ ಕೊಡುವ ಅಗ್ಗದ ದೇಶೀಯ ಅನಿಲವನ್ನು ಕಡಿತಗೊಳಿಸಿದಾಗ ಇಂದ್ರಪ್ರಸ್ಥ ಗ್ಯಾಸ್ ಷೇರು ಒಂದೇ ದಿನದಲ್ಲಿ ಸುಮಾರು ಐದನೇ ಒಂದು ಭಾಗ ಕುಸಿಯಿತು.

ತೆರಿಗೆ ಮತ್ತು ನಮ್ಮ ಓ.ಡಿ.

2020ರ ಏಪ್ರಿಲ್‌ವರೆಗೆ ಲಾಭಾಂಶದ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಆ ಬಳಿಕ ಅದು ಷೇರುದಾರನ ಆದಾಯಕ್ಕೆ ಸೇರಿ, ಆತನ ಶ್ರೇಣಿಯ ದರದಲ್ಲಿ ತೆರಿಗೆಗೊಳಪಡುತ್ತದೆ. ಶೇ. 30ರ ಶ್ರೇಣಿಯಲ್ಲಿರುವ ವರ್ತಕನಿಗೆ ಶೇ. 5ರ ಲಾಭಾಂಶವೆಂದರೆ ಕೈಗೆ ಬರುವುದು ಶೇ. 3.5. ವ್ಯವಹಾರದಿಂದ ನಿವೃತ್ತರಾಗಿ ಕಡಿಮೆ ಶ್ರೇಣಿಗೆ ಬಂದವರ ಲೆಕ್ಕ ಬೇರೆ. ಅರವತ್ತು ದಾಟಿದವರು ಮೊದಲು ಹಿರಿಯ ನಾಗರಿಕರ ಯೋಜನೆಯ 30 ಲಕ್ಷ ರೂಪಾಯಿಯ ಮಿತಿಯನ್ನು ಬಳಸಿಕೊಂಡು, ಮಿಕ್ಕುದರಲ್ಲಿ ಮಾತ್ರ ಇಂತಹ ಷೇರುಗಳನ್ನು ಯೋಚಿಸುವುದು ನನಗೆ ಸರಿಯೆನಿಸುತ್ತದೆ.

ವ್ಯವಹಾರ ನಡೆಸುತ್ತಿರುವವರಾದರೋ ಷೇರು ಪಟ್ಟಿ ತೆರೆಯುವ ಮುನ್ನ ತಮ್ಮ ಬ್ಯಾಂಕ್ ಪಾಸ್‌ಬುಕ್ ತೆರೆಯಬೇಕು. ಓ.ಡಿ. ಖಾತೆಯಲ್ಲಿ 10 ಲಕ್ಷ ರೂಪಾಯಿ ಸಾಲವಿದ್ದು ಬಡ್ಡಿ ಶೇ. 10 ಎನ್ನೋಣ. ಕೈಯಲ್ಲಿರುವ 10 ಲಕ್ಷವನ್ನು ಅದಕ್ಕೆ ಕಟ್ಟಿದರೆ ವರ್ಷಕ್ಕೆ 1 ಲಕ್ಷ ಬಡ್ಡಿ ಉಳಿಯುತ್ತದೆ, ಶೇ. 30 ತೆರಿಗೆ ಕಳೆದರೂ 70 ಸಾವಿರ. ಅದೇ ಹಣವನ್ನು ಶೇ. 5 ಲಾಭಾಂಶದ ಷೇರಿನಲ್ಲಿ ಹಾಕಿದರೆ ತೆರಿಗೆ ಕಳೆದು 35 ಸಾವಿರ, ಜೊತೆಗೆ ಬೆಲೆ ಏರಿಳಿತದ ಚಿಂತೆ. ರೆಪೊ ಏರಿದರೆ ಈ ಅಂತರ ಇನ್ನೂ ಹೆಚ್ಚುತ್ತದೆ. ಓ.ಡಿ.ಯನ್ನು ಹಾಗೆಯೇ ಇಟ್ಟುಕೊಂಡು ಪಕ್ಕದಲ್ಲಿ ಲಾಭಾಂಶದ ಷೇರು ಪೇರಿಸುವವರನ್ನು ಕಂಡಾಗ ನನಗೆ ಆಶ್ಚರ್ಯವಾಗುತ್ತದೆ.

ಸಾಲವಿಲ್ಲದವರಿಗೂ ಒಂದು ಎಚ್ಚರಿಕೆ ಅಗತ್ಯ. ಬಡ್ಡಿ ಏರುವ ಕಾಲದಲ್ಲಿಯೇ ನಮ್ಮ ಗಿರಾಕಿಗಳು ಹಣ ತಡಮಾಡುತ್ತಾರೆ, ದಾಸ್ತಾನು ನಿಧಾನವಾಗಿ ಕರಗುತ್ತದೆ, ಬ್ಯಾಂಕು ಹೊಸ ಮಿತಿ ಕೊಡಲು ಹಿಂದೇಟು ಹಾಕುತ್ತದೆ. ಷೇರಿನ ಬೆಲೆ ಕುಗ್ಗುವ ಸಂಭವವಿರುವುದೂ ಅದೇ ಕಾಲದಲ್ಲಿ. ಅಂಗಡಿಗೆ ಹಣ ಬೇಕಾದ ತಿಂಗಳು ಷೇರನ್ನು ಇಳಿದ ಬೆಲೆಗೆ ಮಾರಬೇಕಾಗಿ ಬಂದರೆ, ಹಿಂದಿನ ನಾಲ್ಕಾರು ವರ್ಷಗಳ ಲಾಭಾಂಶ ಒಂದೇ ಸಲಕ್ಕೆ ಕೈಬಿಟ್ಟಂತೆ. ಮುಂದಿನ ಮೂರು ವರ್ಷಗಳೊಳಗೆ ದುಡಿಮೆಯ ಬಂಡವಾಳಕ್ಕೆ, ಯಂತ್ರದ ದುರಸ್ತಿಗೆ ಅಥವಾ ಮನೆಯ ಶುಭಕಾರ್ಯಕ್ಕೆ ಬೇಕಾಗಬಹುದಾದ ಹಣವನ್ನು, ಬಡ್ಡಿ ಎಷ್ಟೇ ಕಡಿಮೆಯೆನಿಸಿದರೂ, ಠೇವಣಿಯಲ್ಲಿಯೇ ಇಡತಕ್ಕದ್ದು.